ಮಹತ್ವದ ಪಂದ್ಯಕ್ಕೆ ಹೊಸ ರೆಫರಿಗಳನ್ನು ಯಾವಾಗ ಇಳಿಸಬೇಕು, ಹೇಗೆ ಇಳಿಸಬೇಕು?

ಪ್ರಶ್ನೆ: ಧಾರವಾಡದ ಸಂಯೋಜಕ

ಎಲ್ಲ ಬಾಸ್ಕೆಟ್‌ಬಾಲ್ ಬಂಧುಗಳಿಗೆ ನಮಸ್ಕಾರ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು, ಹನ್ನೆರಡು ವರ್ಷಗಳಿಂದ ನಮ್ಮ ಭಾಗದ ಕೆಲವು ಪಂದ್ಯಾವಳಿಗಳಿಗೆ ರೆಫರಿಗಳನ್ನು ನೇಮಿಸುವ ಕೆಲಸವನ್ನೂ ನೋಡಿಕೊಂಡು ಬಂದಿದ್ದೇನೆ. ಮುಂದಿನ ತಿಂಗಳು ಎಂಟು ಕಾಲೇಜು ತಂಡಗಳ ಪಂದ್ಯಾವಳಿಯೊಂದು ನಮ್ಮಲ್ಲಿ ನಡೆಯಲಿದೆ. ನಾಲ್ಕು ನಾಲ್ಕು ತಂಡಗಳ ಎರಡು ಗುಂಪು, ಆಮೇಲೆ ಸೆಮಿಫೈನಲ್ ಮತ್ತು ಫೈನಲ್, ಹೀಗೆ ಒಟ್ಟು 15 ಪಂದ್ಯಗಳು. ನನ್ನ ಕೈಯಲ್ಲಿ ಆರು ಜನ ಹಿರಿಯ ರೆಫರಿಗಳಿದ್ದಾರೆ. ಎಲ್ಲರಿಗೂ ನಲವತ್ತೈದು ದಾಟಿದೆ, ಇಬ್ಬರಿಗೆ ಮೊಣಕಾಲಿನ ನೋವು ಶುರುವಾಗಿದೆ. ಪರೀಕ್ಷೆ ಪಾಸಾಗಿ ಎರಡು ಮೂರು ವರ್ಷಗಳಿಂದ ಶಾಲಾ ಪಂದ್ಯಗಳಲ್ಲಿ ಸೀಟಿ ಊದುತ್ತಿರುವ ನಾಲ್ವರು ಹೊಸಬರೂ ಇದ್ದಾರೆ. ಸೆಮಿಫೈನಲ್ ಮತ್ತು ಫೈನಲ್‌ಗಳಿಗೆ ಹಿರಿಯರನ್ನೇ ಹಾಕಬೇಕು ಎಂದು ಸಂಘಟಕರು ಈಗಾಗಲೇ ಸೂಚಿಸಿದ್ದಾರೆ. ಪ್ರತಿ ವರ್ಷವೂ ಇದೇ ಸೂಚನೆ ಬರುತ್ತದೆ, ಪ್ರತಿ ವರ್ಷವೂ ಅದೇ ಆರು ಜನ ಓಡುತ್ತಾರೆ. ಇನ್ನು ಐದು ವರ್ಷಗಳ ನಂತರ ಫೈನಲ್ ಆಡಿಸಲು ಯಾರಿರುತ್ತಾರೆ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹಾಗೆಂದು ಹೊಸಬರನ್ನು ಕಣ್ಣು ಮುಚ್ಚಿ ಮುಂದೆ ತಳ್ಳುವ ಧೈರ್ಯವೂ ನನಗಿಲ್ಲ, ಏಕೆಂದರೆ ಕಳೆದ ವರ್ಷದ ಒಂದು ಘಟನೆ ಇನ್ನೂ ಮನಸ್ಸಿನಲ್ಲಿ ಕೂತಿದೆ. ಶಾಲಾ ಪಂದ್ಯಗಳಲ್ಲಿ ಬಹಳ ಚೆನ್ನಾಗಿ ನಿರ್ವಹಿಸುತ್ತಿದ್ದ, ನಿಯಮ ಪುಸ್ತಕವನ್ನು ಬಾಯಿಪಾಠ ಹೇಳುವಷ್ಟು ಓದಿಕೊಂಡಿದ್ದ ಹುಡುಗನೊಬ್ಬನನ್ನು ನಾನು ನೇರವಾಗಿ ಸೆಮಿಫೈನಲ್‌ಗೆ ಹಾಕಿದೆ. ಮೂರು ಕ್ವಾರ್ಟರ್ ಮುಗಿಯುವವರೆಗೆ ಯಾರೂ ಅವನ ಬಗ್ಗೆ ಚಕಾರ ಎತ್ತಲಿಲ್ಲ. ಕೊನೆಯ ಎರಡು ನಿಮಿಷ ಉಳಿದಿದ್ದಾಗ ಅಂಕಗಳ ಅಂತರ ಒಂದಕ್ಕೆ ಇಳಿಯಿತು, ಒಂದು ಬೆಂಚಿನಿಂದ ಕೋಚ್ ಗದರಿದರು, ಅಂಕಣದ ಸುತ್ತ ನಿಂತಿದ್ದ ವಿದ್ಯಾರ್ಥಿಗಳು “ಸೀಟಿ ಊದ್ರಿ ಸರ, ಸೀಟಿ ಊದ್ರಿ” ಎಂದು ಕೂಗತೊಡಗಿದರು. ಅಲ್ಲಿಂದಾಚೆ ಆ ಹುಡುಗನ ಸೀಟಿ ಸದ್ದು ಮಾಡಲೇ ಇಲ್ಲ. ಅವನ ಕಣ್ಣೆದುರಿಗೇ ಎರಡು ಸ್ಪಷ್ಟ ಫೌಲ್‌ಗಳು ಹಾಗೇ ಹೋದವು. ಪಂದ್ಯ ಮುಗಿದ ಮೇಲೆ ಅವನು ಅಂಗಿ ಬದಲಿಸುತ್ತಾ, ನನ್ನ ಮುಖ ನೋಡದೆ, “ಸರ, ನನಗ ಸಣ್ಣ ಹುಡುಗರ ಮ್ಯಾಚ್ ಅಷ್ಟ ಕೊಡ್ರಿ” ಎಂದ. ತಪ್ಪು ಅವನದಲ್ಲ, ಸಿದ್ಧತೆಯಿಲ್ಲದೆ ಅವನನ್ನು ಅಲ್ಲಿಗೆ ನೂಕಿದ ನನ್ನದು ಎಂದೇ ನನಗೆ ಅನ್ನಿಸುತ್ತದೆ.

ಹೊಸ ರೆಫರಿಗಳನ್ನು ದೊಡ್ಡ ಪಂದ್ಯಗಳಿಗೆ ತರುವಾಗ ನೀವು ಯಾವ ಕ್ರಮ ಅನುಸರಿಸಿದ್ದೀರಿ? ಹುಬ್ಬಳ್ಳಿ, ಗದಗ, ಹಾವೇರಿಯ ಹಿರಿಯರು ಮತ್ತು ಕೋಚ್‌ಗಳು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ವಿನಂತಿ.

ಉತ್ತರ 1: ಗದಗದ ಕೋಚ್

ಸರ್, ನಾನು ಬೆಂಚಿನಲ್ಲಿ ಕೂರುವವನು. ಆದ್ದರಿಂದ ನಮ್ಮ ಕಡೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಫೈನಲ್ ಎಂಬುದು ಆಟಗಾರರದು. ನನ್ನ ತಂಡದ ಹುಡುಗರು ಬೆಳಗಿನ ಐದೂವರೆಗೆ ಎದ್ದು, ಮಳೆ ನಿಂತ ಮೇಲೆ ಸಿಮೆಂಟ್ ಅಂಕಣದ ನೀರನ್ನು ತಾವೇ ಗುಡಿಸಿ ಹಾಕಿ, ವರ್ಷವಿಡೀ ಅಭ್ಯಾಸ ಮಾಡಿರುತ್ತಾರೆ. ಅಂತಿಮ ವರ್ಷದ ಹುಡುಗನಿಗೆ ಅದೇ ಕೊನೆಯ ಅವಕಾಶ. ಅಂಥವನಿಗೆ ಗೊಂದಲದಲ್ಲಿ ಐದನೇ ಫೌಲ್ ಬಿದ್ದು ಅವನು ಹೊರಗೆ ಕೂರಬೇಕಾಗಿ ಬಂದರೆ, ‘ರೆಫರಿ ಕಲಿಯುತ್ತಿದ್ದಾರೆ’ ಎಂದು ನಾನು ಅವನಿಗೆ ಹೇಗೆ ಸಮಾಧಾನ ಹೇಳಲಿ?

ಆದರೂ ನಾನು ಹೊಸಬರನ್ನು ವಿರೋಧಿಸುವುದಿಲ್ಲ. ಕೋಚ್‌ಗೆ ಬೇಕಾದದ್ದು ರೆಫರಿಯ ವಯಸ್ಸಲ್ಲ, ಒಂದೇ ಅಳತೆ. ಡ್ರಿಬಲ್ ಮಾಡುವವನ ಸೊಂಟದ ಮೇಲೆ ಕೈ ಇಟ್ಟರೆ ಫೌಲ್ ಎಂದು ಮೊದಲ ಕ್ವಾರ್ಟರ್‌ನಲ್ಲಿ ಕೊಟ್ಟರೆ ನಾಲ್ಕನೆಯದರಲ್ಲೂ ಕೊಡಲಿ. ಬಿಡುವುದಾದರೆ ಕೊನೆಯವರೆಗೂ ಬಿಡಲಿ. ಬಿಗಿಯಾಗಿ ಆಡಿಸಿದರೂ ಸಡಿಲವಾಗಿ ಆಡಿಸಿದರೂ ನನ್ನ ತಂಡ ಹೊಂದಿಕೊಳ್ಳುತ್ತದೆ. ಅಂಕಣದ ಆ ತುದಿಗೆ ಒಂದು ನ್ಯಾಯ, ಈ ತುದಿಗೆ ಇನ್ನೊಂದು ಎಂದಾದರೆ ಯಾರಿಗೂ ಹೊಂದಿಕೊಳ್ಳಲು ಬರುವುದಿಲ್ಲ. ಹೊಸ ರೆಫರಿ ಹಿರಿಯರ ಜೊತೆ ಇಳಿದಾಗ ಹೆಚ್ಚಾಗಿ ಆಗುವುದು ಇದೇ. ಹಿರಿಯರು ತಮ್ಮ ಅಳತೆಯಲ್ಲಿ ಊದುತ್ತಾರೆ, ಹೊಸಬರು ಪುಸ್ತಕದ ಅಳತೆಯಲ್ಲಿ ಊದುತ್ತಾರೆ, ಇಬ್ಬರೂ ಪಂದ್ಯಕ್ಕೆ ಮುಂಚೆ ಮಾತಾಡಿಕೊಂಡಿರುವುದಿಲ್ಲ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಹೊಸ ಮುಖ ಕಂಡ ಕೂಡಲೇ ಮೊದಲ ಐದು ನಿಮಿಷದಲ್ಲೇ ಎರಡು ಸಲ ಎದ್ದು ನಿಂತು ಗದರಿ ನೋಡುವ ಅಭ್ಯಾಸ ನಮ್ಮಲ್ಲಿ ಅನೇಕ ಕೋಚ್‌ಗಳಿಗಿದೆ. ನಾನೂ ಮಾಡಿದ್ದೇನೆ. ನೀವು ಹೇಳಿದ ಹುಡುಗನ ಮಾತು ಓದಿದ ಮೇಲೆ ಅದು ಸರಿಯಲ್ಲ ಎಂದು ಇನ್ನಷ್ಟು ಖಚಿತವಾಗಿದೆ.

ಉತ್ತರ 2: ಹುಬ್ಬಳ್ಳಿಯ ಹಳೆಯ ಸೀಟಿ

ಇಪ್ಪತ್ತೆಂಟು ವರ್ಷ ಸೀಟಿ ಊದಿ ಈಗ ನಿಲ್ಲಿಸಿದವನು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿಕೊಳ್ಳಬೇಕು.

ಶಾಲಾ ಪಂದ್ಯಗಳನ್ನು ನೂರು ಆಡಿಸಿದರೂ ಒಂದು ಬಿಗಿಯಾದ ಪಂದ್ಯದ ಕೊನೆಯ ಎರಡು ನಿಮಿಷದ ಅನುಭವ ಸಿಗುವುದಿಲ್ಲ. ಧೈರ್ಯದ ಮಾತು ಹಾಗಿರಲಿ, ಆ ಎರಡು ನಿಮಿಷಗಳಿಗೆ ನಿಯಮಗಳೇ ಬೇರೆಯಾಗಿವೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷಗಳಲ್ಲಿ ಚೆಂಡು ಬಾಸ್ಕೆಟ್ ಆದ ಕೂಡಲೇ ಗಡಿಯಾರ ನಿಲ್ಲಬೇಕು. ಅಂಕಣದಲ್ಲಿ ತಮ್ಮ ಹಿಂದಿನ ಅರ್ಧದಿಂದ (ತಾವು ಕಾಯುವ ಬಾಸ್ಕೆಟ್ ಇರುವ ಭಾಗದಿಂದ) ಚೆಂಡು ಎಸೆಯಬೇಕಾಗಿದ್ದ ತಂಡ ಟೈಮ್‌ಔಟ್ ತೆಗೆದುಕೊಂಡರೆ, ಅಲ್ಲಿಂದಲೇ ಆರಂಭಿಸಬೇಕೋ ಮುಂದಿನ ಅರ್ಧದಿಂದಲೋ ಎಂಬುದನ್ನು ಕೋಚ್ ಆರಿಸಬಹುದು, ಅದನ್ನು ರೆಫರಿ ಕೇಳಿ ತಿಳಿದುಕೊಂಡು ತೋರಿಸಬೇಕು. ಹೊರಗಿನಿಂದ ಎಸೆಯುವವನ ಕೈಯಲ್ಲಿ ಚೆಂಡು ಇರುವಾಗಲೇ ಎದುರಾಳಿ ತಂಡದವನು ಒಳಗೆ ಫೌಲ್ ಮಾಡಿದರೆ 2022ರ ನಿಯಮಗಳಿಂದ ಒಂದು ಫ್ರೀ ಥ್ರೋ ಮತ್ತು ಮತ್ತೆ ಚೆಂಡು, ಎರಡೂ ಸಿಗುತ್ತವೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದಿದ್ದರೆ ಐದನೆಯದರಿಂದ ಎರಡು ಫ್ರೀ ಥ್ರೋ. ಹಿಂದೆ ಬಿದ್ದ ತಂಡ ಗಡಿಯಾರ ನಿಲ್ಲಿಸಲೆಂದೇ ಫೌಲ್ ಮಾಡುತ್ತದೆ. ಅದರಲ್ಲಿ ಚೆಂಡಿಗಾಗಿ ಮಾಡಿದ್ದು ಯಾವುದು, ಚೆಂಡಿನ ಕಡೆ ನೋಡದೆ ಹಿಂದಿನಿಂದ ಹಿಡಿದು ಎಳೆದದ್ದು ಯಾವುದು ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಮೂವತ್ತು ಅಂಕಗಳ ಅಂತರದ ಪಂದ್ಯದಲ್ಲಿ ಈ ನಿಯಮಗಳೆಲ್ಲ ಪುಸ್ತಕದಲ್ಲೇ ಮಲಗಿರುತ್ತವೆ. ಹುಡುಗ ಅವನ್ನು ಓದಿರುತ್ತಾನೆ, ಆದರೆ ಒಮ್ಮೆಯೂ ಬಳಸಿರುವುದಿಲ್ಲ. ನಿಮ್ಮ ಹುಡುಗ ಹೆದರಿ ಸುಮ್ಮನಾದ ಎಂದು ನಾನು ಒಪ್ಪುವುದಿಲ್ಲ. ಅಷ್ಟೊಂದು ವಿಷಯಗಳು ಒಮ್ಮೆಲೇ ಬಂದಾಗ ಯಾವುದನ್ನು ಮೊದಲು ನೋಡಬೇಕೆಂದು ತಿಳಿಯದೆ ನಿಂತಿದ್ದಾನೆ.

ಆದ್ದರಿಂದ ‘ಮಹತ್ವದ ಪಂದ್ಯ’ ಎಂದರೆ ಫೈನಲ್ ಎಂದಷ್ಟೇ ಎಣಿಸಬೇಡಿ. ಗುಂಪಿನ ಕೊನೆಯ ದಿನ ಎರಡು ಸಮಬಲದ ತಂಡಗಳು ಸೆಮಿಫೈನಲ್ ಸ್ಥಾನಕ್ಕಾಗಿ ಆಡುವ ಪಂದ್ಯ ಇರುತ್ತದಲ್ಲ, ಹೊಸಬರಿಗೆ ಮೊದಲು ಕೊಡಬೇಕಾದದ್ದು ಅದನ್ನು. ಬಿಸಿ ಫೈನಲ್‌ನಷ್ಟೇ ಇರುತ್ತದೆ, ಜನ ಕಡಿಮೆ ಇರುತ್ತಾರೆ.

ಇನ್ನು ಮೂರನೇ ರೆಫರಿಯ ವಿಷಯ. ಕ್ರೂ ಚೀಫ್ (ಮುಖ್ಯ ರೆಫರಿ) ಜೊತೆ ಒಬ್ಬ ಅಥವಾ ಇಬ್ಬರು ಅಂಪೈರ್ ಇರಬಹುದು ಎಂದು ನಿಯಮವೇ ಹೇಳುತ್ತದೆ. ನಮ್ಮ ಕಡೆ ಭತ್ಯೆ ಉಳಿಸಲು ಇಬ್ಬರಲ್ಲೇ ಮುಗಿಸುತ್ತೇವೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ ಹತ್ತು ಆಟಗಾರರನ್ನು ಇಬ್ಬರೇ ನೋಡುವಾಗ ಹೊಸಬನ ಪಾಲಿಗೆ ಅರ್ಧ ಪಂದ್ಯವೇ ಬೀಳುತ್ತದೆ. ಮೂವರಿದ್ದರೆ ಲೀಡ್ (ಬೋರ್ಡಿನ ಕೆಳಗೆ), ಸೆಂಟರ್ (ಪಕ್ಕದಲ್ಲಿ), ಟ್ರೇಲ್ (ಹಿಂದೆ) ಎಂದು ಜಾಗ ಹಂಚಿಕೆಯಾಗಿ, ಅವನು ತನ್ನ ಪಾಲಿನ ಚಿಕ್ಕ ಜಾಗವನ್ನು ಪೂರ್ತಿ ಗಮನ ಕೊಟ್ಟು ನೋಡಬಹುದು. ಚೆಂಡು ತನ್ನ ಕಡೆ ಇಲ್ಲದಾಗ ಚೆಂಡಿನ ಹಿಂದೆ ಕಣ್ಣು ಹಾಯಿಸದೆ ಸ್ಕ್ರೀನ್ ಹಾಕುವವರ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವವರ) ಕೈಕಾಲುಗಳನ್ನು ನೋಡುವುದು ಹೊಸಬರಿಗೆ ಎಲ್ಲಕ್ಕಿಂತ ಕಷ್ಟದ ಪಾಠ. 1891ರಲ್ಲಿ ನೈಸ್ಮಿತ್ ಅವರು ಈ ಆಟ ಆರಂಭಿಸಿದಾಗಲೇ ತಮ್ಮ 13 ನಿಯಮಗಳಲ್ಲಿ ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು ಎಂದು ಕೆಲಸ ಹಂಚಿಕೊಟ್ಟಿದ್ದರು. ಎಲ್ಲರೂ ಚೆಂಡನ್ನೇ ನೋಡಿದರೆ ಆಟ ಕೆಡುತ್ತದೆಂದು ಅಷ್ಟು ಮೊದಲೇ ಗೊತ್ತಿತ್ತು.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಫೈನಲ್‌ನಲ್ಲಿ ನನ್ನ ಜೊತೆ ಹೊಸ ಹುಡುಗನೊಬ್ಬನಿದ್ದ. ಅವನು ಬೋರ್ಡಿನ ಕೆಳಗೆ ಲೀಡ್ ಜಾಗದಲ್ಲಿ, ನಾನು ಹತ್ತು ಮೀಟರ್ ಹಿಂದೆ ಟ್ರೇಲ್ ಜಾಗದಲ್ಲಿ. ಆಟಗಾರನೊಬ್ಬ ಬಲಗಡೆಯಿಂದ ನುಗ್ಗಿ ಬಂದ, ರಕ್ಷಣೆಯವನು ಎದುರಿಗೆ ನಿಂತ, ಎದೆಗೆ ಎದೆ ಬಡಿದು ಇಬ್ಬರೂ ಬಿದ್ದರು. ಅದು ಹುಡುಗನ ಮುಂದೆ ಮೂರು ಹೆಜ್ಜೆ ದೂರದಲ್ಲಿ ಆದದ್ದು, ಅವನ ಮುಷ್ಟಿ ಭುಜದ ಮಟ್ಟಕ್ಕೆ ಏರಿತ್ತು. ಅಷ್ಟರಲ್ಲಿ ನಾನು ಅಲ್ಲಿಂದಲೇ ಊದಿ ರಕ್ಷಣೆಯವನ ಮೇಲೆ ಫೌಲ್ ಕೊಟ್ಟೆ. ಹುಡುಗ ಕೈ ಕೆಳಗಿಳಿಸಿದ. ಆಮೇಲೆ ಇಡೀ ಕ್ವಾರ್ಟರ್ ಅವನು ನನ್ನ ಕಡೆ ನೋಡಿಕೊಂಡೇ ಓಡಿದ, ತಾನಾಗಿ ಒಂದನ್ನೂ ಊದಲಿಲ್ಲ. ಪಂದ್ಯ ಮುಗಿದ ಮೇಲೆ ಕೇಳಿದರೆ ಅವನು ಚಾರ್ಜ್ (ನುಗ್ಗಿ ಬಂದವನ ಮೇಲೆ ಫೌಲ್) ಕೊಡುವವನಿದ್ದ, ಅವನು ಕಂಡದ್ದೇ ಸರಿಯಿತ್ತು. ರಕ್ಷಣೆಯವನು ಮೊದಲೇ ಎರಡೂ ಪಾದ ಊರಿ ನಿಂತದ್ದು ನನಗೆ ಹಿಂದಿನಿಂದ ಕಾಣಿಸಿರಲಿಲ್ಲ. ಒಬ್ಬ ರೆಫರಿ ತನ್ನ ಕರ್ತವ್ಯದ ಮಿತಿಯಲ್ಲಿ ಕೊಟ್ಟ ತೀರ್ಪನ್ನು ಇನ್ನೊಬ್ಬರು ಕಡೆಗಣಿಸುವ ಅಥವಾ ಪ್ರಶ್ನಿಸುವ ಅಧಿಕಾರ ಹೊಂದಿಲ್ಲ ಎಂದು ನಿಯಮದಲ್ಲಿದೆ. ನಾನು ಅವನಿಗೆ ತೀರ್ಪು ಕೊಡಲು ಅವಕಾಶವನ್ನೇ ಕೊಡಲಿಲ್ಲ.

ಹಾಗಾಗಿ ಸರ್, ನೀವು ಹೊಸಬರನ್ನು ಸಿದ್ಧಪಡಿಸುವುದಕ್ಕಿಂತ ಮುಂಚೆ ನಿಮ್ಮ ಆರು ಹಿರಿಯರನ್ನು ಕೂರಿಸಿಕೊಂಡು ಮಾತಾಡಿ. ಹೊಸಬನ ಎದುರಿನ ತೀರ್ಪು ಹೊಸಬನದೇ. ಅವನ ಸೀಟಿಗಾಗಿ ಒಂದು ಉಸಿರಿನಷ್ಟು ಕಾಯಿರಿ. ಅವನಿಗೆ ಏನೂ ಕಾಣದೆ, ಆಟ ಕೆಡುವಂಥ ಸ್ಪಷ್ಟ ತಪ್ಪು ಆಗಿದ್ದರೆ ಮಾತ್ರ ನೆರವಿಗೆ ಹೋಗಿ. ರೆಫರಿಗಳ ಅಧಿಕಾರ ಪಂದ್ಯಕ್ಕೆ 20 ನಿಮಿಷ ಮುಂಚೆ ಆರಂಭವಾಗುತ್ತದೆ. ನಿಮ್ಮವರು ಅದಕ್ಕೂ ಅರ್ಧ ಗಂಟೆ ಮೊದಲೇ ಒಂದೆಡೆ ಸೇರಿ, ಗದಗದ ಕೋಚ್ ಅವರು ಹೇಳಿದ ಆ ‘ಒಂದೇ ಅಳತೆ’ ಯಾವುದು ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಲಿ. ಆ ಮಾತುಕತೆಯಲ್ಲಿ ಮೊದಲ ಮಾತು ಹೊಸಬನದಾಗಿರಲಿ. ಹಿರಿಯರು ಮೊದಲು ಮಾತಾಡಿದರೆ ಅವನು ತಲೆಯಾಡಿಸುತ್ತಾ ಕೂರುತ್ತಾನೆ.

ಉತ್ತರ 3: ಹಾವೇರಿಯ ಹೊಸ ರೆಫರಿ

ಗುರುಗಳೇ, ನಿಮ್ಮ ಬರಹ ಓದಿ ಕಣ್ಣು ತುಂಬಿ ಬಂತು. ಕೈ ಅರ್ಧಕ್ಕೆ ಏರಿಸಿ ಇಳಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿದೆ.

ಮಹಿಳಾ ರೆಫರಿಯಾಗಿ ನಾನು ಮೂರು ವರ್ಷಗಳಿಂದ ಸೀಟಿ ಊದುತ್ತಿದ್ದೇನೆ. ಮೊದಲ ದೊಡ್ಡ ಪಂದ್ಯ ಸಿಕ್ಕಾಗ ಅದು ನನಗೆ ತಿಳಿದದ್ದು ಹತ್ತು ನಿಮಿಷ ಮುಂಚೆ. ಬರಬೇಕಾದವರು ಬರಲಿಲ್ಲ ಎಂಬ ಕಾರಣಕ್ಕೆ. ನಾನು ಒಂದು ಫೌಲ್ ಕೊಟ್ಟಾಗ ಕೋಚ್ ಒಬ್ಬರು ವಿವರಣೆ ಕೇಳಿದರು, ನಾನು ಹೇಳಲು ಹೋದರೆ “ನೀವು ಬ್ಯಾಡ್ರಿ, ಆ ಸರ್‌ನ ಕರೀರಿ” ಎಂದರು. ನನ್ನ ಜೊತೆಗಿದ್ದ ಹಿರಿಯರು ಓಡಿ ಬಂದು ನನ್ನ ಪರವಾಗಿ ತಾವೇ ಉತ್ತರ ಕೊಟ್ಟರು. ಅವರ ಉದ್ದೇಶ ಒಳ್ಳೆಯದೇ ಇತ್ತು, ಆದರೆ ಆಮೇಲೆ ಆ ಬೆಂಚಿನವರು ಯಾರೂ ನನ್ನ ಜೊತೆ ಮಾತಾಡಲೇ ಇಲ್ಲ. “ತೀರ್ಪು ಕೊಟ್ಟವರು ಅವರು, ಅವರನ್ನೇ ಕೇಳಿ” ಎಂಬ ಒಂದು ಮಾತು ಆ ಹಿರಿಯರಿಂದ ಬಂದಿದ್ದರೆ ನನಗೆ ಸಾಕಾಗಿತ್ತು. ಮಹಿಳಾ ರೆಫರಿಗಳನ್ನು ಹುಡುಗರ ಪಂದ್ಯಗಳಿಗೂ ಮೊದಲಿನಿಂದಲೇ ಹಾಕುತ್ತಾ ಬಂದರೆ ಕೋಚ್‌ಗಳಿಗೂ ರೂಢಿಯಾಗುತ್ತದೆ ಎಂದು ಸಂಯೋಜಕ ಸರ್ ಅವರಲ್ಲಿ ವಿನಂತಿ.

ನನಗೆ ಹೆಚ್ಚು ಉಪಯೋಗವಾದದ್ದು ಟೇಬಲ್ ಕೆಲಸ, ಅಂದರೆ ಅಂಕಣದ ಪಕ್ಕ ಕೂತು ಅಂಕ, ಸಮಯ ನೋಡಿಕೊಳ್ಳುವುದು. ಒಂದು ಫೈನಲ್‌ನಲ್ಲಿ ನನ್ನನ್ನು ಶಾಟ್ ಕ್ಲಾಕ್‌ಗೆ (ಬಾಸ್ಕೆಟ್‌ಗೆ ಎಸೆಯಲು ತಂಡಕ್ಕಿರುವ ಸಮಯದ ಗಡಿಯಾರಕ್ಕೆ) ಕೂರಿಸಿದ್ದರು. ಚೆಂಡು ರಿಂಗ್‌ಗೆ ತಾಗಿತೋ ಇಲ್ಲವೋ, ತಾಗಿದ ಮೇಲೆ ಅದೇ ತಂಡಕ್ಕೆ ಸಿಕ್ಕರೆ 14 ಸೆಕೆಂಡ್, ಎದುರಾಳಿಗೆ ಸಿಕ್ಕರೆ 24. ಬೆರಳು ಗುಂಡಿಯ ಮೇಲೆ, ಕಣ್ಣು ರಿಂಗಿನ ಮೇಲೆ. ಅಷ್ಟು ಹತ್ತಿರದಿಂದ ಒಂದು ಫೈನಲ್‌ನ ಬಿಸಿಯನ್ನು ನಾನು ಅನುಭವಿಸಿದ್ದು ಅದೇ ಮೊದಲು. ಕೊನೆಯ ನಿಮಿಷದಲ್ಲಿ ಕೋಚ್ ಒಬ್ಬರು ಟೇಬಲ್ ಹತ್ತಿರವೇ ಬಂದು ಕೂಗುತ್ತಿದ್ದಾಗ ಕ್ರೂ ಚೀಫ್ ನಡೆದುಕೊಂಡೇ ಬಂದು, ಧ್ವನಿ ಏರಿಸದೆ, “ನೋಡಿದ್ದೇನೆ ಸರ್, ಮುಂದುವರಿಸೋಣ” ಎಂದು ಹೇಳಿ ಹೋದದ್ದನ್ನು ಕಿವಿಯಾರೆ ಕೇಳಿದೆ. ಓಡಿ ಬರಲಿಲ್ಲ, ವಾದಿಸಲಿಲ್ಲ. ಆ ಮಾತನ್ನು ಈಗ ನಾನೂ ಬಳಸುತ್ತೇನೆ.

ಇನ್ನೊಂದು ವಿನಂತಿ. ಪಂದ್ಯ ಮುಗಿದ ಕೂಡಲೇ ಎಲ್ಲರೂ ಬಸ್ ಹಿಡಿಯುವ ಗಡಿಬಿಡಿಯಲ್ಲಿ ಹೊರಟುಬಿಡುತ್ತಾರೆ. ಹಾವೇರಿಯವರೆಗೆ ಬಸ್ಸಿನಲ್ಲಿ ಕೂತು ಒಂದೇ ತೀರ್ಪನ್ನು ಮತ್ತೆ ಮತ್ತೆ ನೆನೆಸುತ್ತಾ, ಅದು ಸರಿಯೋ ತಪ್ಪೋ ತಿಳಿಯದೆ ಮನೆ ಸೇರಿದ ರಾತ್ರಿಗಳು ನನಗಿವೆ. ಹತ್ತು ನಿಮಿಷ ನಿಂತು, ಮೊಬೈಲ್‌ನಲ್ಲಿ ಯಾರಾದರೂ ತೆಗೆದ ವಿಡಿಯೋ ಇದ್ದರೆ ಅದನ್ನು ತೋರಿಸಿ, ಎರಡು ತಪ್ಪು ಮತ್ತು ಒಂದು ಒಳ್ಳೆಯ ತೀರ್ಪು ಹೇಳಿ ಕಳಿಸಿದರೆ ಅದರಷ್ಟು ದೊಡ್ಡ ಪಾಠ ಬೇರೆ ಇಲ್ಲ.

ಉತ್ತರ 4: ಹಳೇ ಹುಬ್ಬಳ್ಳಿ ಆಟಗಾರ

ಒಂದು ಸಣ್ಣ ಸಲಹೆ. ರೆಫರಿಗೆ ಆಡುವ ಎರಡೂ ತಂಡಗಳ ಜೊತೆ ಯಾವ ಸಂಬಂಧವೂ ಇರಬಾರದು ಎಂಬುದು ನಿಯಮ. ನಮ್ಮ ಅವಳಿ ನಗರದಲ್ಲಿ ಹೊಸ ರೆಫರಿಗಳೆಲ್ಲ ಒಂದಲ್ಲ ಒಂದು ಕಾಲೇಜಿನ ಹಳೆಯ ಆಟಗಾರರೇ. ಅವರ ಗುರುಗಳೇ ಬೆಂಚಿನಲ್ಲಿ ಕೂತಿರುತ್ತಾರೆ. ಸರಿಯಾದ ತೀರ್ಪು ಕೊಟ್ಟರೂ ‘ತಮ್ಮ ಕಾಲೇಜಿಗೆ ಊದಿದ’ ಎಂಬ ಮಾತು ಬರುತ್ತದೆ, ಬೆಳೆಯುವ ಹುಡುಗನಿಗೆ ಅದು ಕೆಟ್ಟ ಭಾರ. ಧಾರವಾಡದ ಹೊಸಬರನ್ನು ಗದಗ, ಹಾವೇರಿಯ ಪಂದ್ಯಗಳಿಗೂ ಅಲ್ಲಿನವರನ್ನು ಇಲ್ಲಿಗೂ ಅದಲು ಬದಲು ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. 1997ರವರೆಗೆ ಮೂರೂ ಒಂದೇ ಜಿಲ್ಲೆಯಾಗಿದ್ದವು, ಬಸ್ ಖರ್ಚಿನ ಹೊರತು ಇದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ.

ಮರು ಉತ್ತರ: ಧಾರವಾಡದ ಸಂಯೋಜಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಸಂಘಟಕರ ಜೊತೆ ಎರಡು ಗಂಟೆ ಕೂತು ಮಾತಾಡಿದೆ. ಎರಡು ಸೆಮಿಫೈನಲ್ ಮತ್ತು ಫೈನಲ್‌ಗೆ ಮೂವರು ರೆಫರಿಗಳಿಗೆ ಒಪ್ಪಿದ್ದಾರೆ. ಮೂರನೆಯವರ ಭತ್ಯೆಯನ್ನು ಉದ್ಘಾಟನೆಯ ಹಾರ ತುರಾಯಿ ಮತ್ತು ಶಾಲುಗಳ ಖರ್ಚಿನಿಂದ ತೆಗೆಯುವುದೆಂದು ಕಾರ್ಯದರ್ಶಿಗಳೇ ಹೇಳಿದರು. ಮೂರೂ ಪಂದ್ಯಗಳಲ್ಲಿ ತಲಾ ಒಬ್ಬ ಹೊಸಬರು ಇಬ್ಬರು ಹಿರಿಯರ ಜೊತೆ ಇರುತ್ತಾರೆ. ಗುಂಪಿನ ಪಂದ್ಯಗಳಲ್ಲಿ ನಾಲ್ವರೂ ಸರದಿಯಂತೆ ಟೇಬಲ್ ಕೆಲಸ ಮಾಡುತ್ತಾರೆ ಮತ್ತು ಕೊನೆಯ ದಿನದ ಎರಡು ಬಿಗಿ ಪಂದ್ಯಗಳನ್ನು ಹಿರಿಯರ ಜೊತೆ ಆಡಿಸುತ್ತಾರೆ. ಯಾರಿಗೆ ಯಾವ ಪಂದ್ಯ ಎಂಬುದನ್ನು ಒಂದು ವಾರ ಮುಂಚೆಯೇ ತಿಳಿಸುತ್ತೇನೆ. ಹಾವೇರಿಯ ಸಹೋದರಿ ಒಪ್ಪಿದರೆ ಹುಡುಗರ ಎರಡನೇ ಸೆಮಿಫೈನಲ್‌ಗೆ ಅವರ ಹೆಸರು ಬರೆದುಕೊಳ್ಳುತ್ತೇನೆ, ಅದರಲ್ಲಿ ಆಡುವ ತಂಡಗಳಲ್ಲಿ ಹಾವೇರಿಯದು ಯಾವುದೂ ಇರದಿದ್ದರೆ.

ಕಳೆದ ವರ್ಷದ ಹುಡುಗನ ಮನೆಗೆ ಹೋಗಿದ್ದೆ. ಮೊದಲು ಬೇಡವೆಂದ. ಚಹಾ ಕುಡಿದು ಎದ್ದು ಹೊರಟಾಗ, ಶಾಟ್ ಕ್ಲಾಕ್‌ಗೆ ಕೂರುತ್ತೇನೆ, ಆಮೇಲೆ ನೋಡೋಣ ಎಂದ.

ಹುಬ್ಬಳ್ಳಿಯ ಹಳೆಯ ಸೀಟಿ:

ಅವನಿಗೆ ಗುಂಪಿನ ಕೊನೆಯ ದಿನದ ಒಂದು ಪಂದ್ಯ ಇಟ್ಟಿರಿ ಸರ್. ಆ ದಿನ ನಾನು ಬೆಳಿಗ್ಗೆಯೇ ಧಾರವಾಡಕ್ಕೆ ಬರುತ್ತೇನೆ. ಟೇಬಲ್ ಹಿಂದೆ ಒಂದು ಕುರ್ಚಿ ಹಾಕಿಸಿ ಕೊಡಿ; ನಾನು ಚೆಂಡು ನೋಡುವುದಿಲ್ಲ, ನಲವತ್ತು ನಿಮಿಷವೂ ಅವನನ್ನೇ ನೋಡಿ ಬರೆದುಕೊಳ್ಳುತ್ತೇನೆ. ಪಂದ್ಯ ಮುಗಿದ ಮೇಲೆ ಅವನು ಬಸ್ ಹಿಡಿಯುವ ಮುಂಚೆ ನನಗೆ ಹತ್ತು ನಿಮಿಷ ಬೇಕು.